ತೊಟ್ಟಿಲಿಗೆ ಬೇಡವಾದ ಕೈ

ನಮ್ಮವ್ವ ತೀರಿಕೊಂಡು, ರಾಯಚೂರಿನಿಂದ ಆಕೆಯ ದೇಹವನ್ನು ಮಾನ್ವಿಗೆ ತಂದ ದಿನ ನಮ್ಮ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೇವದುರ್ಗದಿಂದ ಬಸ್ಸು ಹಿಡಿದು ಬಂದವರಿದ್ದರು, ಮಲ್ಲಟದಿಂದ ಟ್ರ್ಯಾಕ್ಟರ್ ಮಾಡಿಕೊಂಡು ಬಂದವರಿದ್ದರು. ಹೆಂಗಸರು ತಮ್ಮ ಮಕ್ಕಳನ್ನು ಮುಂದೆ ತಳ್ಳಿ, "ಕಾಲು ಬೀಳು, ನಿನ್ನ ಭೂಮಿಗೆ ತಂದವರು ಇವರ" ಎನ್ನುತ್ತಿದ್ದರು. ಹಿರಿಯರೊಬ್ಬರು ಕಟ್ಟೆಯ ಮೇಲೆ ನಿಂತು, ಈಕೆ ಮನುಷ್ಯಳಲ್ಲ, ದೇವತೆ ಎಂದರು. ನೆರೆದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಅಳುತ್ತ ಕೂತಿದ್ದ ನನಗೆ ಆ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು.

ದೇವತೆಯರು ಗೊರಕೆ ಹೊಡೆಯುತ್ತಾರೋ ಇಲ್ಲವೋ ನನಗೆ ತಿಳಿಯದು, ನಮ್ಮವ್ವ ಹೊಡೆಯುತ್ತಿದ್ದಳು. ಸಾರಿಗೆ ಉಪ್ಪು ಹಾಕಿದ್ದು ಮರೆತು ಇನ್ನೊಮ್ಮೆ ಹಾಕುತ್ತಿದ್ದಳು. ಹೆರಿಗೆ ಕೋಣೆಯಲ್ಲಿ ಚೀರುವ ಹೆಂಗಸಿಗೆ ಕೇಳಿಸುವಂತೆ ಬಾಗಿಲ ಹೊರಗೆ ನಿಂತ ಅವಳ ಗಂಡನನ್ನು ಬೈಯುತ್ತಿದ್ದಳು. ಕೈ ತೊಳೆಯದೆ ಕೂಸನ್ನು ಮುಟ್ಟಲು ಬಂದವರ ಮುಂಗೈಗೆ ಪಟ್ಟನೆ ಏಟು ಬೀಳುತ್ತಿತ್ತು, ಅದು ಊರಗೌಡರ ತಾಯಿಯ ಮುಂಗೈ ಆದರೂ ಸರಿ. ಅಂಥವಳನ್ನು ಸತ್ತ ಕೂಡಲೇ ದೇವತೆ ಮಾಡಿಬಿಟ್ಟರೆ, ಬದುಕಿದ್ದಾಗ ಆಕೆಗೆ ಕೊಡದೆ ಉಳಿಸಿಕೊಂಡದ್ದೆಲ್ಲ ಮಾಫಿ ಆಗುತ್ತದೆಂದು ಜನ ತಿಳಿದಿರಬೇಕು.

ಆಕೆಗೆ ಒಂದು ಆಸೆ ಇತ್ತು. ದೊಡ್ಡದೇನಲ್ಲ. ತಾನು ಈ ಕೈಯಲ್ಲಿ ಹೊರಗೆ ತಂದ ಅಷ್ಟೊಂದು ಕೂಸುಗಳಲ್ಲಿ ಒಂದನ್ನಾದರೂ, ಹೆಸರಿಡುವ ದಿನ, ನಾಲ್ಕು ಜನರ ಎದುರು ತಾನೇ ತೊಟ್ಟಿಲಿಗೆ ಹಾಕಬೇಕು ಎಂಬುದು. ನಮ್ಮಲ್ಲಿ ಆ ಕೆಲಸ ಮುತ್ತೈದೆಯರದು. ಅವ್ವ ವಿಧವೆ. ಹಾಗಾಗಿ ಅದು ಆಗುವ ಮಾತಾಗಿರಲಿಲ್ಲ.

ಅಪ್ಪ ಕಲ್ಮಲದಲ್ಲಿ ಸಾಲಿ ಮಾಸ್ತರರಾಗಿದ್ದರಂತೆ. ನಾನು ಗೋಡೆ ಹಿಡಿದು ನಡೆಯಲು ಕಲಿಯುವ ಹೊತ್ತಿಗೆ ಯಾವುದೋ ಜ್ವರ ಬಂದು ಹೋದರು. ಅವರ ಮುಖ ನನಗೆ ನೆನಪಿಲ್ಲ, ನೆನಪಿದೆಯೆಂದು ಹೇಳಿ ಯಾರನ್ನೂ ಸಮಾಧಾನ ಮಾಡಿದವಳೂ ಅಲ್ಲ. ಅವ್ವ ನನ್ನನ್ನು ಅಜ್ಜಿಯ ಮಡಿಲಿಗೆ ಹಾಕಿ ರಾಯಚೂರಿಗೆ ಹೋಗಿ ನರ್ಸ್ ತರಬೇತಿ ಮಾಡಿಕೊಂಡಳು. ಎಪ್ಪತ್ತರ ದಶಕ ಶುರುವಾಗಿ ಒಂದೆರಡು ವರ್ಷ ಕಳೆದಿರಬೇಕು, ದೇವದುರ್ಗದ ಸರ್ಕಾರಿ ದವಾಖಾನೆಗೆ ನೇಮಕವಾಯಿತು. ಒಂದು ಟ್ರಂಕು, ಒಂದು ಸ್ಟೋವು, ಒಬ್ಬ ಮಗಳು, ಇಷ್ಟನ್ನು ಕೆಂಪು ಬಸ್ಸಿಗೆ ಹತ್ತಿಸಿಕೊಂಡು ಆಕೆ ಆ ಊರಿಗೆ ಹೋದಳು.

ಅಲ್ಲಿ ಒಂದು ತಮಾಷೆ ನಡೆಯಿತು. ತಮಾಷೆ ಎನ್ನಬಹುದೋ ಇಲ್ಲವೋ ಮುಂದೆ ನೀವೇ ನೋಡಿ. ನರ್ಸುಗಳು ಬಿಳಿ ಸೀರೆ ಉಡಬೇಕು, ಕೈಗೆ ಬಳೆ ಹಾಕುವಂತಿಲ್ಲ, ಇದು ದವಾಖಾನೆಯ ನಿಯಮ. ವಿಧವೆಯರು ಬಿಳಿ ಸೀರೆ ಉಡಬೇಕು, ಕೈಗೆ ಬಳೆ ಹಾಕುವಂತಿಲ್ಲ, ಇದು ಊರ ನಿಯಮ. ಅವ್ವನ ಮೈಮೇಲೆ ಎರಡೂ ನಿಯಮ ಒಂದೇ ಸೀರೆಯಲ್ಲಿ ಮುಗಿದುಹೋಗಿದ್ದವು. ಹೊಸ ಊರಿನವರು ಆಕೆಯ ಬೋಳು ಕೈ, ಬೋಳು ಹಣೆ ನೋಡಿ, ಪಾಪ, ಸರ್ಕಾರದ ನೌಕರಿ ಅಂದರೆ ಕುಂಕುಮ ಸಹ ಇಡಬಾರದಂತೆ ಎಂದುಕೊಂಡರು. ಗಂಡ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಆಕೆಯಾಗಿ ಹೇಳಲೂ ಇಲ್ಲ.

ದೇವದುರ್ಗ ಆಗ ಬಿಸಿಲು ಮತ್ತು ಕಲ್ಲಿನ ಊರು. ದುಡಿಯಲು ಹೋಗುವ ಹೆಂಗಸರು ಹೊಟ್ಟೆ ಎದೆಗೆ ಬರುವವರೆಗೂ ಕಳೆ ತೆಗೆಯುತ್ತಿದ್ದರು, ನೋವು ಶುರುವಾದ ಮೇಲೆ ಯಾರದೋ ಎತ್ತಿನ ಬಂಡಿಯಲ್ಲಿ ದವಾಖಾನೆಗೆ ಬರುತ್ತಿದ್ದರು. ಬಾರದವರ ಮನೆಗೆ ಅವ್ವನೇ ಚೀಲ ಹೆಗಲಿಗೆ ಹಾಕಿ ನಡೆದು ಹೋಗುತ್ತಿದ್ದಳು. ಕರೆ ಬಂತೆಂದರೆ ಆಕೆ ಮೊದಲು ಕೇಳುತ್ತಿದ್ದುದು "ನನ್ನ ಚಪ್ಪಲಿ ಎಲ್ಲಿ?" ಎಂದು. ಮನೆಯಲ್ಲಿ ಚಪ್ಪಲಿಯನ್ನು ಎಲ್ಲಿ ಬಿಟ್ಟೆ ಎಂಬುದು ಆಕೆಗೆ ಒಮ್ಮೆಯೂ ನೆನಪಿರುತ್ತಿರಲಿಲ್ಲ. ಒಂದು ಮಂಚದ ಕೆಳಗೆ, ಇನ್ನೊಂದು ನೀರಿನ ಹಂಡೆಯ ಹತ್ತಿರ. ಹುಡುಕಿ ಕಾಲಿಗೆ ಹಾಕಿ ಕಳಿಸುವುದು ನನ್ನ ಕೆಲಸ. ಹಾಕಿದ ಮೇಲೆ ಆಕೆಯ ಮುಖ ಬೇರೆಯಾಗುತ್ತಿತ್ತು, ನಾನು ಅಲ್ಲೇ ಇದ್ದರೂ ಆಕೆಗೆ ಕಾಣಿಸುತ್ತಿರಲಿಲ್ಲ.

ರಜೆಯ ದಿನ ಆಕೆಗೆ ಬೇರೆ ಕೆಲಸ. ಓಣಿಯ ಮನೆಗಳಿಂದ ಹಳೆಯ ಹತ್ತಿ ಸೀರೆ ಕೇಳಿ ತರುತ್ತಿದ್ದಳು. ನಮ್ಮ ಅಂಗಳದಲ್ಲಿ ಹಂಡೆ ಇಟ್ಟು ಅವನ್ನು ಕುದಿಸಿ, ಬಿಸಿಲಿಗೆ ಹರವಿ, ಮಧ್ಯಾಹ್ನದ ಮೇಲೆ ಹತ್ತಾರು ಹೆಂಗಸರನ್ನು ಕೂಡಿಸಿಕೊಂಡು ಕೂಸುಗಳಿಗೆ ಕುಂಚಿಗೆ ಹೊಲಿಸುತ್ತಿದ್ದಳು. ಕುಂಚಿಗೆ ಎಂದರೆ ತಲೆಯಿಂದ ಬೆನ್ನಿನವರೆಗೆ ಇಳಿಯುವ ಟೊಪ್ಪಿಗೆ. ನಮ್ಮ ಕಡೆ ಅದಿಲ್ಲದೆ ಕೂಸನ್ನು ಹೊರಗೆ ತರುವುದಿಲ್ಲ. ಹೊಲಿಯುವಾಗ ಆಕೆ ಹೆಂಗಸರಿಗೆ ಸುಮ್ಮನೆ ಮಾತಾಡಿದಂತೆ ಮಾತಾಡುತ್ತ, ಹೊಕ್ಕುಳಿಗೆ ಸಗಣಿ ಹಚ್ಚಬಾರದು, ಮೊದಲ ಹಾಲು ಹಿಂಡಿ ಚೆಲ್ಲಬಾರದು, ವಾಂತಿ-ಭೇದಿಯಾದ ಕೂಸಿಗೆ ನೀರು ನಿಲ್ಲಿಸಬಾರದು, ಕುದಿಸಿ ಆರಿಸಿದ ನೀರಿಗೆ ಸಕ್ಕರೆ-ಉಪ್ಪು ಹಾಕಿ ಚಮಚೆಯಲ್ಲಿ ಕುಡಿಸುತ್ತಲೇ ಇರಬೇಕು ಎಂದು ಹೇಳುತ್ತಿದ್ದಳು. ಇದಕ್ಕೆ ಯಾರೂ ಆಕೆಗೆ ಸಂಬಳ ಕೊಡುತ್ತಿರಲಿಲ್ಲ. ಬಂದ ಹೆಂಗಸರಿಗೆ ಚಹಾ ಕೊಡುತ್ತಿದ್ದವಳು ಆಕೆಯೇ.

ಹೀಗೆ ಒಂದೆರಡು ವರ್ಷ ಕಳೆದ ಮೇಲೆ ಹತ್ತಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಸೊಸೆಗೆ ಕಷ್ಟದ ಹೆರಿಗೆ ಆಯಿತು. ಕೂಸು ಕಾಲು ಮುಂದಾಗಿ ಬಂದಿತ್ತಂತೆ. ಅವ್ವ ತಾಯಿ-ಮಗು ಇಬ್ಬರನ್ನೂ ಉಳಿಸಿದಳು. ಆ ಮನೆಯ ಅಜ್ಜಿ ನಮ್ಮ ಮನೆಗೆ ಸ್ವತಃ ನಡೆದು ಬಂದು ಹೇಳಿದಳು:

"ನರ್ಸಬಾಯಾರ, ನಮ್ಮ ಕೂಸಿಗೆ ಹೆಸರಿಡೋ ದಿನ ನೀವ ಬಂದು ತೊಟ್ಲಾಗ ಹಾಕ್ರಿ. ನಿಮ್ಮ ಕೈಯಿಂದ ಉಳದದ, ನಿಮ್ಮ ಕೈಲೇ ತೊಟ್ಲ ಏರಲಿ."

ಅವ್ವ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು. ಆಗ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆಕೆ ಹೇಳಲಿಲ್ಲ. "ಆಗಲಿ, ಬರ್ತೀನ್ರಿ" ಎಂದಳು.

ಆ ದಿನ ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು, ನನಗೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದ್ದಳು. ಆ ಮನೆಯ ಪಡಸಾಲೆಯಲ್ಲಿ ಬಣ್ಣದ ತೊಟ್ಟಿಲು ತೂಗುಹಾಕಿದ್ದರು. ಮೊದಲು ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ ತೊಟ್ಟಿಲಲ್ಲಿಟ್ಟು ತೂಗಿದರು. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು ನಮ್ಮಲ್ಲಿ ಹಾಗೆ ಮಾಡುತ್ತಾರೆ. ಆಮೇಲೆ ಕೂಸನ್ನು ಅವ್ವನ ಕೈಗೆ ಕೊಟ್ಟರು. ಅವ್ವ ಅದರ ತಲೆಯ ಕೆಳಗೆ ಅಂಗೈ ಕೊಟ್ಟು, ಬಗ್ಗಿ, ಮೆಲ್ಲಗೆ ಇಳಿಸಿದಳು. ಇಳಿಸಿದ ಮೇಲೂ ಕೈ ಹಿಂದಕ್ಕೆ ತೆಗೆಯಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಆಕೆಯ ಮುಖದಲ್ಲಿ ನಾನು ಅಂಥ ಸಂತೋಷವನ್ನು ಅದಕ್ಕೂ ಮೊದಲು ನೋಡಿರಲಿಲ್ಲ.

ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಬಗ್ಗಿದ್ದಳು, ಉಳಿದವರು ಆಕೆಯ ಬೆನ್ನಿಗೆ ಗುದ್ದಲು ನಗುತ್ತ ಕಾಯುತ್ತಿದ್ದರು. ಅಷ್ಟರಲ್ಲಿ ರಾಯಚೂರಿನಿಂದ ಬಂದಿದ್ದ ನೆಂಟಳೊಬ್ಬಳು ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು. ಆಕೆಯ ತವರು ಕಲ್ಮಲ. ನಮ್ಮ ಅಪ್ಪನ ಮಣ್ಣಿಗೆ ಬಂದು ಹೋದವಳು.

ಅಜ್ಜಿ ಕೂಗಾಡಲಿಲ್ಲ. ಕೂಗಾಡಿದ್ದರೆ ನಮ್ಮವ್ವನೂ ಸುಮ್ಮನಿರುತ್ತಿರಲಿಲ್ಲ, ಅದೊಂದು ಜಗಳವಾಗಿ ಮುಗಿಯುತ್ತಿತ್ತು. ಅಜ್ಜಿ ತೊಟ್ಟಿಲಿಗೆ ಕೈ ಹಾಕಿ ಕೂಸನ್ನು ಎತ್ತಿಕೊಂಡಳು. ಹಾಸಿದ್ದ ಬಟ್ಟೆ ತೆಗೆಸಿದಳು. ತೊಟ್ಟಿಲಿಗೆ ಅರಿಸಿನದ ನೀರು ಚಿಮುಕಿಸಿದರು. ಬೇರೆ ಬಟ್ಟೆ ಹಾಸಿದರು. ಹಣೆ ತುಂಬ ಕುಂಕುಮವಿದ್ದ ಒಬ್ಬಾಕೆಯನ್ನು ಕರೆದು, ಅದೇ ಕೂಸನ್ನು ಇನ್ನೊಂದು ಸಲ ತೊಟ್ಟಿಲಿಗೆ ಹಾಕಿಸಿದರು. ಇದೆಲ್ಲ ಆಗುವಾಗ ಅವ್ವ ಗೋಡೆಗೆ ಒರಗಿ ನಿಂತಿದ್ದಳು. ನನ್ನ ಕೈಯಲ್ಲಿ ಗುಗ್ಗರಿಯ ತಟ್ಟೆ ಇತ್ತು, ಅದನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಕೂಸಿಗೆ ನೀರೆರೆಯಲು ಅದೇ ಮನೆಗೆ ಹೋದಳು. ನಾನಾಗಿದ್ದರೆ ಆ ಓಣಿಯನ್ನೇ ತುಳಿಯುತ್ತಿರಲಿಲ್ಲ. ಒಂದೆರಡು ದಿನ ಎರೆದಳು. ಆಮೇಲೆ ಅಜ್ಜಿ ಕಟ್ಟೆಯ ಮೇಲೇ ಎದುರಾಗಿ, "ನೀವ್ಯಾಕ ದಿನಾ ದಣೀತೀರಿ? ನಾವ ಮಾಡ್ಕೋತೀವಿ ಬಿಡ್ರಿ" ಎಂದಳಂತೆ. ಬಹಳ ಮರ್ಯಾದೆಯಿಂದ. ಅವ್ವ ವಾಪಸು ಬಂದಳು.

ಮುಂದಿನ ಬೇಸಿಗೆಯಲ್ಲಿ ಆ ಕೂಸಿಗೆ ವಾಂತಿ-ಭೇದಿ ಶುರುವಾಯಿತು. ದವಾಖಾನೆ ಆ ಮನೆಯಿಂದ ಎರಡು ಓಣಿ ಆಚೆ. ಆದರೆ ಅಷ್ಟು ಮಾಡಿದ ಮೇಲೆ ಯಾವ ಮುಖ ಇಟ್ಟುಕೊಂಡು ನರ್ಸಬಾಯಿಯನ್ನು ಕರೆಯುವುದೆಂದು ಆ ಮನೆಯವರಿಗೆ ನಾಚಿಕೆ. ಅಂತ್ರದ ತಾಯಿತ ಕಟ್ಟಿಸಿದರು, ಬೂದಿ ಹಚ್ಚಿದರು, ನೀರು ಕುಡಿಸಿದರೆ ಹೆಚ್ಚಾಗುತ್ತದೆಂದು ನೀರು ನಿಲ್ಲಿಸಿದರು. ಕಡೆಗೆ ಕೂಸಿನ ತಾಯಿಯೇ ಯಾರ ಮಾತೂ ಕೇಳದೆ ತಲೆಯ ಮೇಲೆ ಸೆರಗಿಲ್ಲದೆ ಓಡಿಬಂದಳು. ಅವ್ವ ಆ ದಿನ ಚಪ್ಪಲಿ ಹುಡುಕಲಿಲ್ಲ, ಬರಿಗಾಲಲ್ಲಿ ಹೋದಳು. ಕೂಸಿನ ಕಣ್ಣುಗಳು ಒಳಕ್ಕೆ ಹೋಗಿದ್ದವು, ಅಳಲು ನೀರಿರಲಿಲ್ಲ. ಅವ್ವನ ತೊಡೆಯ ಮೇಲೇ ಅದು ಹೋಯಿತು.

ವಿಧವೆಯ ಕೈಯಿಂದ ತೊಟ್ಟಿಲೇರಿದ ಕೂಸು, ಇನ್ನೇನಾಗುತ್ತದೆ ಎಂದು ಊರವರು ಮಾತಾಡಿಕೊಂಡರು. ಅವ್ವನ ಎದುರಿಗೆ ಯಾರೂ ಅನ್ನಲಿಲ್ಲ. ಹೆರಿಗೆಗೆ ಕರೆಯುವುದನ್ನು ಯಾರೂ ಬಿಡಲಿಲ್ಲ. ಹೆರಿಗೆಗೆ ಬೇಕು, ತೊಟ್ಟಿಲಿಗೆ ಬೇಡ, ಇದು ಅವರ ಲೆಕ್ಕ. ಹೆಸರಿಡುವ ದಿನಗಳಲ್ಲಿ ಅವ್ವ ಕುಂಚಿಗೆಯನ್ನು ನನ್ನ ಕೈಯಲ್ಲಿ ಕಳಿಸಿ ತಾನು ಮನೆಯಲ್ಲೇ ಉಳಿಯುತ್ತಿದ್ದಳು. ಬಂದ ಮೇಲೆ ನನ್ನನ್ನು ಕೂಡಿಸಿಕೊಂಡು, ತೊಟ್ಟಿಲು ಯಾವ ಬಣ್ಣ, ಯಾರು ಹಾಕಿದರು, ಹಾಕುವಾಗ ತಲೆಗೆ ಕೈ ಕೊಟ್ಟಿದ್ದರಾ ಇಲ್ಲವಾ ಎಂದು ಒಂದೊಂದೇ ಕೇಳುತ್ತಿದ್ದಳು.

ಎಂಬತ್ತರ ದಶಕದ ಹೊತ್ತಿಗೆ ಆಕೆಗೆ ಮಾನ್ವಿಗೆ ವರ್ಗವಾಗಿತ್ತು. ನಾವಿದ್ದ ಮನೆಯ ಗೋಡೆಗೆ ಗೋಡೆ ಹತ್ತಿಕೊಂಡೇ ಬಳೆ ಮಾರುವವರ ಮನೆ. ಆ ಮನೆಯ ಯಜಮಾನಿಯನ್ನು ನಾವು ಚಾಚಿ ಎನ್ನುತ್ತಿದ್ದೆವು. ಮನೆಯೊಳಗೆ ದಖ್ಖನಿ, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಇಲ್ಲಿಯೂ ಹಂಡೆ ಏರಿತು, ಹಳೆ ಸೀರೆಗಳು ಕುದ್ದವು. ಚಾಚಿಯ ಕಡೆಯ ಹೆಂಗಸರು ತಮ್ಮ ಹಳೆಯ ದುಪಟ್ಟಾಗಳನ್ನೂ ತಂದು ಹಾಕುತ್ತಿದ್ದರು. ಕುಂಚಿಗೆಯಾದ ಮೇಲೆ ಯಾವುದು ಯಾರ ಮನೆಯ ಬಟ್ಟೆ ಎಂದು ಯಾರೂ ಕೇಳುತ್ತಿರಲಿಲ್ಲ.

ನನ್ನನ್ನು ಸಿರವಾರಕ್ಕೆ ಕೊಟ್ಟರು. ಕಾಲುವೆ ನೀರಿನ ಭತ್ತದ ಗದ್ದೆಯ ಮನೆ. ಅತ್ತೆ ಗಟ್ಟಿ ಹೆಂಗಸು, ಗದ್ದೆಯ ಬದುವಿನ ಮೇಲೆ ನಿಂತು ಕೂಗಿದರೆ ಆಳುಗಳಷ್ಟೇ ಅಲ್ಲ, ಕೊಕ್ಕರೆಗಳೂ ಎದ್ದು ಹೋಗುತ್ತಿದ್ದವು. ಆಕೆಯೂ ವಿಧವೆ. ಮಡಿ, ಪದ್ಧತಿ ಎಂದರೆ ಒಂದೆಳೆ ಬಿಡುವವಳಲ್ಲ. ತನ್ನ ಹಿರಿಯ ಮಕ್ಕಳ ಮನೆಯಲ್ಲಿ ತೊಟ್ಟಿಲ ಕಾರ್ಯವಾದಾಗ ಆಕೆ ಒಳಬಾಗಿಲ ಹತ್ತಿರ ನಿಂತೇ ನೋಡಿದ್ದನ್ನು ನಾನು ಕಂಡಿದ್ದೆ. ಹಾಗಾಗಿ ನನಗೆ ಅವಳ ಹೆದರಿಕೆ ಇತ್ತು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಒಂದು ಮಧ್ಯಾಹ್ನ ಅವ್ವ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಹೇಳಿಯೇಬಿಟ್ಟೆ.

"ಯವ್ವಾ, ನನ್ನ ಕೂಸನ್ನ ನೀನ ತೊಟ್ಲಿಗೆ ಹಾಕಬೇಕು."

ಅವ್ವ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ತಲಿ ನೆಟ್ಟಗದ ಏನು ನಿಂದು? ನಿಮ್ಮತ್ತಿ ಏನಂದಾಳು?"

"ಅಂದ್ರ ಅನ್ನಲಿ. ನೀ ಹಾಕಲಿಲ್ಲ ಅಂದ್ರ ನಾ ತೊಟ್ಲ ಕಟ್ಟಿಸೂದ ಇಲ್ಲ."

ಆಗ ಆಕೆ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟಳು. "ಕೇಳಿಲ್ಲೆ" ಎಂದಳು. "ಅವತ್ತು ನಾ ಹೇಳಬೇಕಾಗಿತ್ತು, ಹೇಳಲಿಲ್ಲ. ನಂಗ ಆಸಿ ಆಯ್ತು. ಆ ಕೂಸು ನಾ ತೊಟ್ಲಿಗೆ ಹಾಕಿದ್ದಕ್ಕ ಸಾಯಲಿಲ್ಲ, ಅದು ನಂಗ ಗೊತ್ತದ. ಮೈಯಾಗಿನ ನೀರು ಆರಿ ಸತ್ತದ. ಆದ್ರ ನಾ ತೊಟ್ಲಿಗೆ ಹಾಕಿದ್ದಕ್ಕ ಅವರು ನಂಗ ಕರೀಲಿಲ್ಲ. ಮೊದಲ ದಿನ ಕರದಿದ್ರ ಉಳೀತಿತ್ತು. ನನ್ನ ಆಸಿಗೆ ಒಂದು ಕೂಸು ಹೋಯ್ತು. ಇನ್ನೊಂದು ಬ್ಯಾಡ."

ಅದು ನಿನ್ನ ತಪ್ಪಲ್ಲ, ಅವರ ತಪ್ಪು ಎಂದು ನಾನು ಕೂಗಿದೆ. ಬಸುರಿ ಕೂಗಬಾರದು ಎಂದು ಆಕೆ ನನ್ನನ್ನೇ ಬೈದಳು. ಅಷ್ಟು ವರ್ಷ ಆಕೆ ಇದನ್ನು ಒಬ್ಬಳೇ ಹೊತ್ತುಕೊಂಡು ಮನೆಮನೆ ತಿರುಗಿದ್ದಳೆಂದು ನನಗೆ ಆವತ್ತೇ ಗೊತ್ತಾದದ್ದು. ನನಗೆ ಬಹಳ ಸಂಕಟವಾಯಿತು. ದೇವದುರ್ಗದ ಆ ಅಜ್ಜಿ ಎದುರಿಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ.

ನನಗೆ ಹೆಣ್ಣು ಹುಟ್ಟಿತು. ಮಾನ್ವಿಯ ದವಾಖಾನೆಯಲ್ಲಿ, ಅವ್ವನ ಕೈಯಲ್ಲೇ. ಹೊಕ್ಕುಳ ಬಳ್ಳಿ ಕತ್ತರಿಸುವಾಗ ಆಕೆಯ ಕೈ ಎಂದಿನಂತೆಯೇ ಇತ್ತು. ಚೀರಬೇಡ, ಉಸಿರು ಹಿಡಿ ಎಂದು ಎಲ್ಲರಿಗೂ ಬೈದಂತೆ ನನಗೂ ಬೈದಳು. ಕೂಸನ್ನು ಒರೆಸಿ ನನ್ನ ಎದೆಯ ಮೇಲಿಟ್ಟ ಮೇಲೆ ಮಾತ್ರ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಹೆಸರಿಡುವ ದಿನ ಅತ್ತೆ ಸಿರವಾರದಿಂದ ನೆಂಟರನ್ನೆಲ್ಲ ಕರೆದುಕೊಂಡು ಬಂದಳು. ಜೋಳ, ಬೆಲ್ಲ, ಕುಬಸ, ಕೂಸಿಗೆ ಬೆಳ್ಳಿ ಉಡಿದಾರ. ಪಡಸಾಲೆ ಹೆಂಗಸರಿಂದ ತುಂಬಿತು. ಯಾವ ಮುತ್ತೈದೆ ಕೂಸನ್ನು ತೊಟ್ಟಿಲಿಗೆ ಹಾಕಬೇಕೆಂದು ಅತ್ತೆಯೇ ನಿಶ್ಚಯ ಮಾಡಿಕೊಂಡು ಬಂದಿದ್ದಳು; ಅದು ನನ್ನ ಓರಗಿತ್ತಿ. ನಾನು ಬಾಯಿ ಬಿಡದಂತೆ ಅವ್ವ ಬೆಳಿಗ್ಗೆಯೇ ಆಣೆ ಮಾಡಿಸಿಕೊಂಡಿದ್ದಳು. ಹಲ್ಲು ಕಚ್ಚಿ ಕೂತಿದ್ದೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ, ಅತ್ತೆ ಎದುರಿನ ಕೋಣೆಯ ಬಾಗಿಲಲ್ಲಿ. ಕೂಸಿನ ಇಬ್ಬರು ಅಜ್ಜಿಯರೂ ಹೀಗೆ ಎರಡು ಬಾಗಿಲಿಗೆ ಕಾವಲು ನಿಂತಿದ್ದರು.

ಗುಂಡುಕಲ್ಲಿನ ಶಾಸ್ತ್ರ ಮುಗಿಯಿತು. ಓರಗಿತ್ತಿ ಕೂಸನ್ನು ಎತ್ತಿದ್ದೇ ತಡ, ನನ್ನ ಮಗಳು ಚೀರಲು ಶುರುಮಾಡಿದಳು. ಅಂಥ ಅಳು ಆ ಮನೆ ಕೇಳಿರಲಿಲ್ಲ. ಓರಗಿತ್ತಿ ತೂಗಿದಳು, ನಾದಿನಿ ಎತ್ತಿಕೊಂಡು ಕುಣಿಸಿದಳು, ನಾನು ಹಾಲು ಕೊಡಲು ನೋಡಿದೆ, ಬಾಯಿ ತಿರುಗಿಸಿ ಮತ್ತೂ ಅತ್ತಳು. ಮೈ ಕೆಂಪೇರಿತು. ಹೆಂಗಸರು ದೃಷ್ಟಿ ಎಂದರು, ಹೊಟ್ಟೆನೋವು ಎಂದರು. ಕಡೆಗೆ ಚಾಚಿಗೆ ತಡೆಯಲಾಗಲಿಲ್ಲ. ಕೂಸನ್ನು ನಾದಿನಿಯ ಕೈಯಿಂದ ಹೆಚ್ಚುಕಡಿಮೆ ಕಸಿದುಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ, "ಬಚ್ಚಿ ರೋ ರೈ, ತುಮೀಚ್ ಲೇವ್" ಎಂದು ಅವ್ವನ ತೋಳಿಗೆ ಹಾಕಿದಳು. ಮಗು ಅಳಾಕತ್ತದ, ನೀವೇ ತಗೋರಿ ಎಂದು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿಯೂ ಹೇಳಿದಳು.

ಅವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನಿನ ಮೇಲೆ ಕೈಯಾಡಿಸಿದಳು. ಒಂದು ತೇಗು ಬಂತು. ಅಳು ನಿಂತಿತು. ಸ್ವಲ್ಪ ಹೊತ್ತಿಗೆ ನಿದ್ದೆಯೂ ಹತ್ತಿತು. ಓರಗಿತ್ತಿ ತೆಗೆದುಕೊಳ್ಳಲು ಕೈ ಚಾಚಿದರೆ ಕೂಸು ಮತ್ತೆ ಮುಖ ಕಿವುಚಿತು. ಅವ್ವ ಪಡಸಾಲೆಯ ನಡುವೆ, ತೊಟ್ಟಿಲಿನ ಪಕ್ಕದಲ್ಲಿ, ಕೂಸನ್ನು ಹಿಡಿದುಕೊಂಡು ನಿಂತಳು. ಇಳಿಸುವಂತಿಲ್ಲ, ಕೊಡುವಂತಿಲ್ಲ.

ಎದುರಿನ ಬಾಗಿಲಿಂದ ಅತ್ತೆ ಹೊರಗೆ ಬಂದಳು.

"ಎಷ್ಟೊತ್ತು ಹಿಂಗ ನಿಂದರ್ತೀರಿ, ಬೀಗತೇರ? ಕೂಸು ಮಕ್ಕೊಂಡದ. ಇಳಸ್ರಿ."

ಅವ್ವ ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ. ನಾಳೆ ಕೂಸಿಗೆ ಏನರ ಆದ್ರ ನೀವು ನಂಗ ಕರಿಯಂಗಿಲ್ಲ."

ಆ ಮಾತಿನ ಅರ್ಥ ಆ ಪಡಸಾಲೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅತ್ತೆಗೆ ದೇವದುರ್ಗದ ಕಥೆ ಯಾರೂ ಹೇಳಿರಲಿಲ್ಲ. ಆದರೂ ಆಕೆ ಅವ್ವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೊಲದಲ್ಲಿ ಆಳಿಗೆ ಹೇಳುವ ದನಿಯಲ್ಲೇ ಹೇಳಿದಳು:

"ಕೂಸು ಸೀನಿದ್ರೂ ಮೊದಲು ನಿಮಗ ಹೇಳಿ ಕಳಸ್ತೀನಿ. ಆತಿಲ್ಲೋ? ನಾನೂ ಇಷ್ಟು ಮೊಮ್ಮಕ್ಕಳಿಗೆ ಬಾಗಲಾಗ ನಿಂತು ನೋಡೀನಿ. ಸಾಕಾಗ್ಯದ ನಂಗೂ. ನೀವು ತಲಿ ಹಿಡೀರಿ, ನಾ ಕಾಲು ಹಿಡೀತೀನಿ. ಬೈಯೋರು ಇಬ್ಬರಿಗೂ ಬೈಯಲಿ."

ಇಬ್ಬರು ವಿಧವೆಯರು ಸೇರಿ ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದರು. ಸಿರವಾರದ ಕಡೆಯ ಒಬ್ಬಿಬ್ಬರು ಸೆರಗು ಕೊಡವಿಕೊಂಡು ಎದ್ದು ಹೋದರು. ಗುಗ್ಗರಿ ಉಳಿಯಿತು, ಚಾಚಿಯ ಮಕ್ಕಳು ತಿಂದರು.

ಅತ್ತೆ ಆಡಿದ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಅದು ಎಲ್ಲರಿಗೂ ಕಾಟವಾಯಿತು. ನಾನು ಸಿರವಾರಕ್ಕೆ ಹೋದ ಮೇಲೆ, ಮಗಳು ಸೀನಿದರೆ, ಕೆಮ್ಮಿದರೆ, ಒಂದು ಹೊತ್ತು ಹಾಲು ಕಡಿಮೆ ಕುಡಿದರೆ, ಅತ್ತೆ ಬಸ್‌ಸ್ಟ್ಯಾಂಡಿಗೆ ನಡೆದು ಮಾನ್ವಿಯ ಬಸ್ಸಿನ ಕಂಡಕ್ಟರನಿಗೆ ಹೇಳಿ ಕಳಿಸುತ್ತಿದ್ದಳು. ಆತ ಮಾನ್ವಿಯ ದವಾಖಾನೆಯ ಮುಂದೆ ಬಸ್ಸು ನಿಧಾನ ಮಾಡಿಸಿ, "ನರ್ಸಬಾಯಾರ, ನಿಮ್ಮ ಮೊಮ್ಮಗಳು ಸೀನ್ಯಾಳಂತ್ರೀ" ಎಂದು ಕೂಗುತ್ತಿದ್ದನಂತೆ. ಬಸ್ಸಿನವರೆಲ್ಲ ನಗುತ್ತಿದ್ದರು. ಅವ್ವ ನಗುತ್ತಿರಲಿಲ್ಲ. ಕೆಲಸ ಮುಗಿಸಿ ಮುಂದಿನ ಬಸ್ಸಿಗೆ ಬಂದು, ಕೂಸಿನ ಎದೆಗೆ ಕಿವಿ ಇಟ್ಟು ಕೇಳಿ, ಅತ್ತೆ ಕೊಟ್ಟ ಚಹಾ ಕುಡಿದು ಹೋಗುತ್ತಿದ್ದಳು. ಇದು ಅತಿಯಾಯಿತು ಎಂದು ನಾನೊಮ್ಮೆ ಅತ್ತೆಗೆ ಹೇಳಿದೆ. "ಕರೀಲಿಕ್ಕೆ ಹೇಳ್ಯಾರ, ಕರದೀನಿ. ನಿಂದೇನು ನಡುವ?" ಎಂದಳು. ಅಷ್ಟು ಒರಟು ಹೆಂಗಸಿನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅವತ್ತಿನಿಂದ.

ಮಗಳಿಗೆ ಒಂದು ವರ್ಷ ತುಂಬಿತು, ಆಮೇಲೆ ಎರಡು. ಅವ್ವನ ಭಯ ಹೋಯಿತೆಂದು ನಾನು ತಿಳಿದೆ. ಈಗ ಆಕೆ ಮಾನ್ವಿಯಲ್ಲಿ ಹೆಸರಿಡುವ ಮನೆಗಳಿಗೆ ತಾನೇ ಹೋಗುತ್ತಿದ್ದಳು. ಬಡವರ ಮನೆಗಳಲ್ಲಿ ಒಂದೆರಡು ಕಡೆ ಕೂಸನ್ನು ತೊಟ್ಟಿಲಿಗೆ ಹಾಕಲು ಕರೆದರು, ಹಾಕಿ ಬಂದಳು. ಆಸೆ ತೀರಿತು ಎಂದೇ ನಾನು ಎಣಿಸಿದ್ದೆ.

ಎಂಬತ್ತರ ದಶಕ ಮುಗಿಯುವ ಮೊದಲೇ ಆಕೆಯ ಮೂತ್ರಪಿಂಡಗಳು ಕೆಟ್ಟವು. ಜಗತ್ತಿಗೆಲ್ಲ ನೀರು ಕುಡಿಯಿರಿ ಎಂದು ಹೇಳುತ್ತ ಬಿಸಿಲಲ್ಲಿ ತಿರುಗಿದವಳು ತಾನು ಎಷ್ಟು ಕುಡಿದಿದ್ದಳೋ. ರಾಯಚೂರಿನ ಆಸ್ಪತ್ರೆಗೆ ಸೇರಿಸಿದೆವು. ಕಡೆಯ ದಿನಗಳಲ್ಲಿ ಮಾತು ತಪ್ಪುತ್ತಿತ್ತು. ಮೈ ಊದಿತ್ತು. ಕೈ ಮಾತ್ರ ಬೆಡ್‌ಶೀಟಿನ ಅಂಚನ್ನು ಹಿಡಿದು ಮಡಿಚುತ್ತಿತ್ತು, ಕುಂಚಿಗೆಗೆ ಅಂಚು ಮಡಿಚಿದಂತೆ.

ಒಂದು ಮಧ್ಯಾಹ್ನ ನಾನೊಬ್ಬಳೇ ಪಕ್ಕದಲ್ಲಿದ್ದೆ. ಆಕೆ ಕಣ್ಣು ಬಿಟ್ಟು, ಬಹಳ ಸ್ಪಷ್ಟವಾಗಿ ಕೇಳಿದಳು.

"ಕೂಸು ಹೆಂಗದ?"

"ಆರಾಮದಾಳ ಯವ್ವಾ. ಅವರಜ್ಜಿ ಕೂಡ ಸಿರವಾರದಾಗ ಅದಾಳ. ನಾಳೆ ಕರಕೊಂಡು ಬರ್ತಾರ."

"ಅಕಿ ಅಲ್ಲ" ಎಂದಳು ಅವ್ವ. "ದೇವದುರ್ಗದ್ದು."



"ಯಾಕ ಕರೀಲಿಲ್ಲ ಅವರು ನಂಗ?" ಎಂದು ಆಕೆ ಅಳತೊಡಗಿದಳು. ನಮ್ಮವ್ವ ಅಳುವುದನ್ನು ನಾನು ಅಪ್ಪನ ಸಾವಿನಲ್ಲಿ ನೋಡಿದ್ದರೂ ನೆನಪಿಲ್ಲ. ಆಮೇಲೆ ಎಂದೂ ನೋಡಿರಲಿಲ್ಲ. "ಎರಡು ಓಣಿ ಆಚಿ ಕುಂತೀನಿ ನಾನು. ಒಂದು ಮಾತು ಹೇಳಿ ಕಳಿಸಿದ್ರ ಆಗ್ತಿತ್ತು. ಯಾಕ ಕರೀಲಿಲ್ಲ?"

ಆಕೆಯ ಆಸೆ ತೀರಿತ್ತು. ಇದು ತೀರಿರಲಿಲ್ಲ. ನನ್ನ ಮಗಳು, ಅತ್ತೆ, ಕಂಡಕ್ಟರನ ಕೂಗು, ಇಷ್ಟೆಲ್ಲ ಸೇರಿದರೂ ಆ ಒಂದು ಕರೆಯನ್ನು ಆಕೆಗೆ ತಲುಪಿಸಲು ಆಗಿರಲಿಲ್ಲ. ನಾನು ಆಕೆಯ ಕೆನ್ನೆ ಒರೆಸಿ, ಕಿವಿಯ ಹತ್ತಿರ ಬಗ್ಗಿದೆ.

"ಕರದಾರ ಯವ್ವಾ" ಎಂದೆ. "ಈಗ ದೇವದುರ್ಗದಾಗಿಂದ ಮಂದಿ ಬಂದದ. ಕೂಸಿಗೆ ಇವತ್ತ ಶುರು ಆಗ್ಯದಂತ. ಲಗೂ ಬರ್ರಿ ಅಂದಾರ."

ಅಳು ನಿಂತಿತು. ಆಕೆಯ ಮುಖ ಬೇರೆಯಾಯಿತು. ಆ ಮುಖ ನನಗೆ ಚಿಕ್ಕಂದಿನಿಂದ ಗೊತ್ತಿತ್ತು.

"ನೀರು ಕುಡಸಾಕ ಹೇಳು. ನಾ ಬರೂತನ ನಿಲ್ಲಸಬ್ಯಾಡ್ರಿ ಅನ್ನು" ಎಂದಳು. ಏಳಲು ನೋಡಿದಳು, ಆಗಲಿಲ್ಲ. ಹೊದಿಕೆಯ ಹೊರಗೆ ಬಂದ ಕಾಲು ಮಂಚದ ಅಂಚಿನಲ್ಲಿ ತಡಕಾಡಿತು.

"ನನ್ನ ಚಪ್ಪಲಿ ಎಲ್ಲಿ?"

ಎರಡೂ ಮಂಚದ ಕೆಳಗೇ ಇದ್ದವು. ತೆಗೆದು, ಊದಿದ ಕಾಲಿಗೆ ಒಂದೊಂದಾಗಿ ಹಾಕಿದೆ.